ಮೊದಲ ನಷ್ಟವನ್ನು ಹೊರುವವರು ಯಾರು?

ನ್ಯೂಯಾರ್ಕಿನ ಪಂಕ್ ರಾಕ್ ತಂಡ 'ರಮೋನ್ಸ್' 1976ರಲ್ಲಿ ತನ್ನ ಮೊದಲ ಆಲ್ಬಮನ್ನು ಧ್ವನಿಮುದ್ರಿಸಿದ್ದು ಸುಮಾರು 6,400 ಡಾಲರ್ ವೆಚ್ಚದಲ್ಲಿ. ಅದರಲ್ಲಿ 14 ಹಾಡುಗಳಿದ್ದವು. ಅಂದು ಮಾರಾಟ ನೀರಸವಾಗಿತ್ತು. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಚಿನ್ನದ ಮನ್ನಣೆ ಅದಕ್ಕೆ ದೊರೆತದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಹಾಡಿದ ನಾಲ್ವರಲ್ಲಿ ಬದುಕುಳಿದಿದ್ದವರು ಒಬ್ಬರೇ. ಪೇಟೆಯು ಕಲೆಗೆ ಬೆಲೆ ಕಟ್ಟುವುದು ನಿಜವಾದರೂ ಸಕಾಲದಲ್ಲಿ ಕಟ್ಟೀತೆಂಬ ಭರವಸೆಯಿಲ್ಲ.

ನಮ್ಮಲ್ಲಿಯ ನಿದರ್ಶನವನ್ನೇ ನೋಡೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅದು ಪಂಕ್ ಅಲ್ಲ, ಜಾನಪದ ರಾಕ್. ಶಿಶುನಾಳ ಶರೀಫರ (1819–1889) ತತ್ತ್ವಪದಗಳು ಅದರಲ್ಲಿ ಗಿಟಾರಿನೊಡನೆ ಕೇಳಿಬಂದವು. ಅದನ್ನು ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. ಶಿಗ್ಗಾಂವಿ ಸೀಮೆಯ ಸಂತನ ಪದಕ್ಕೆ ಬಂಡವಾಳ ಮುಂಬಯಿಯಿಂದ ಬರಬೇಕಾಯಿತು.

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಂಥ ಊರುಗಳಲ್ಲಿ ತಾಳಮದ್ದಳೆಯ ಖರ್ಚನ್ನು ಅಡಿಕೆ ಬೆಳೆಗಾರರು ತಮ್ಮೊಳಗೆ ಹಂಚಿಕೊಳ್ಳುವುದನ್ನು ನಾನು ಬಲ್ಲೆ. ಅಲ್ಲಿ ಲಾಭದ ಲೆಕ್ಕ ಕೇಳುವವರಿಲ್ಲ. ಆದರೆ ಅದೇ ಊರಿನ ಹುಡುಗರು ಗಿಟಾರ್ ಹಿಡಿದು ಹೊಸ ಹಾಡು ಕಟ್ಟಿದರೆ ಸ್ಟುಡಿಯೋ ಬಾಡಿಗೆ ಕೊಡುವವರು ಯಾರು?

ಗ್ರಂಥಾಲಯಗಳಿಗಾಗಿ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಪದ್ಧತಿ ರಾಜ್ಯದಲ್ಲಿದೆ. ಹೊಸ ಲೇಖಕನ ಮೊದಲ ನಷ್ಟದ ಒಂದು ಪಾಲನ್ನು ಸಮಾಜವೇ ಹೊರಲಿ ಎಂಬುದು ಅದರ ಹಿಂದಿನ ತರ್ಕ. ಹೊಸ ತಂಡವೊಂದರ ಮೊದಲ ಕನ್ನಡ ಆಲ್ಬಮಿಗೂ ಈ ತರ್ಕ ಸಲ್ಲುತ್ತದೆ. ಪರಿಣತರ ಸಮಿತಿಯೊಂದು ಆಯ್ದ ತಂಡಗಳಿಗೆ ಧ್ವನಿಮುದ್ರಣದ ವೆಚ್ಚವನ್ನಷ್ಟೇ, ಅದೂ ಒಮ್ಮೆ ಮಾತ್ರ ಕೊಡಲಿ. ಎರಡನೆಯ ಆಲ್ಬಮಿನ ಹೊಣೆಯನ್ನು ಕೇಳುಗರಿಗೇ ಬಿಡೋಣ.