ಇ-ಮೇಲಿನ ಕ್ಲಿಪ್ಪಿನ ಗುರುತನ್ನು ಎಷ್ಟು ನಂಬಬೇಕು?

ಫಳ್ನೀರಿನ ನಮ್ಮ ಕಚೇರಿಯಿಂದ ತೂಕದ ಚೀಟಿ, ಲೆಕ್ಕಪತ್ರ, ಮಹಾಸಭೆಯ ನೋಟೀಸು ಇತ್ಯಾದಿಗಳನ್ನು ಇ-ಮೇಲಿನಲ್ಲಿ ಕಳುಹಿಸುತ್ತಿರುವುದು ಸದಸ್ಯ ಬಾಂಧವರಿಗೆ ತಿಳಿದ ವಿಷಯ. ಈ ಬಗ್ಗೆ ಎರಡು ದೂರುಗಳು ಪದೇ ಪದೇ ಬರುತ್ತಿವೆ. ಕ್ಲಿಪ್ಪಿನ ಚಿತ್ರ ಇದೆ, ತೆರೆದರೆ ಲಗತ್ತು ಇಲ್ಲ ಎಂಬುದು ಒಂದು. ಕ್ಲಿಪ್ಪು ಕಾಣಲಿಲ್ಲ, ಆದುದರಿಂದ ಬಿಲ್ಲು ಬಂದದ್ದೇ ತಿಳಿಯಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜವೇ.

ಇ-ಮೇಲಿಗೆ ಫೈಲುಗಳನ್ನು ಲಗತ್ತಿಸುವ ಈಗಿನ ಕ್ರಮವನ್ನು 1992ರಲ್ಲಿ ಬೋರೆನ್‌ಸ್ಟೀನ್ ಮತ್ತು ಫ್ರೀಡ್ ಎಂಬ ಇಬ್ಬರು ತಜ್ಞರು ರೂಪಿಸಿದರು. ಅದರಂತೆ ಒಂದು ಪತ್ರವೆಂದರೆ ಹಲವು ತುಂಡುಗಳ ಕಟ್ಟು. ಪ್ರತಿ ತುಂಡಿನ ಮೇಲೂ ಇದು 'ಲಗತ್ತು', ಇದು 'ಪತ್ರದೊಳಗೆ ತೋರಿಸತಕ್ಕದ್ದು' ಎಂದು ಕಳುಹಿಸುವವರ ಕಂಪ್ಯೂಟರು ಬರೆಯುತ್ತದೆ. ಪಡೆಯುವ ಪ್ರೋಗ್ರಾಮು ಎಷ್ಟೋ ಸಲ ಕಟ್ಟನ್ನು ಬಿಚ್ಚದೆ, ಹೊರಗಿನ ಬರಹವನ್ನಷ್ಟೇ ನೋಡಿ ಕ್ಲಿಪ್ಪು ಹಾಕುತ್ತದೆ. ಹಾಗಾಗಿ ಸಹಿಯ ಕೆಳಗಿನ ಲಾಂಛನಕ್ಕೂ, ಡಿಜಿಟಲ್ ಸಹಿಗೂ ಕ್ಲಿಪ್ಪು ಬೀಳುವುದುಂಟು. ಬಿಲ್ಲನ್ನು 'ಒಳಗೆ ತೋರಿಸತಕ್ಕದ್ದು' ಎಂದು ಗುರುತಿಸಿದ್ದರೆ ಕ್ಲಿಪ್ಪು ಬೀಳದೆ ಹೋಗಬಹುದು. ಆದುದರಿಂದ ಸಂಘದ ಪತ್ರವನ್ನು ಕ್ಲಿಪ್ಪು ಇರಲಿ ಬಿಡಲಿ ಕೊನೆಯವರೆಗೆ ಸರಿಸಿ ನೋಡಿ.

ಥಂಡರ್‌ಬರ್ಡ್ ಬಳಸುವವರು ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ಗೆ ಹೋಗಿ 'ರಿಪೇರ್ ಫೋಲ್ಡರ್' ಕೊಟ್ಟರೆ ಪಟ್ಟಿ ಹೊಸದಾಗಿ ತಯಾರಾಗುತ್ತದೆ. 'ವಿನ್‌ಮೇಲ್ ಡಾಟ್ ಡ್ಯಾಟ್' ಎಂಬ ತೆರೆಯಲಾಗದ ಫೈಲು ಬಂದರೆ ಅದು ಔಟ್‌ಲುಕ್ಕಿನ ಸ್ವಂತ ಶೈಲಿಯ ಕಟ್ಟು. ನಿಮ್ಮ ಕಂಪ್ಯೂಟರಿನ ದೋಷವಲ್ಲ. ಸಾದಾ ರೂಪದಲ್ಲಿ ಮತ್ತೆ ಕಳುಹಿಸುವಂತೆ ಕೇಳಿದರಾಯಿತು.

ಇಷ್ಟರಿಂದ ಆಗುವುದು ಕಿರಿಕಿರಿ ಮಾತ್ರ. ಹಣ ಹೋಗುವುದು ಇನ್ನೊಂದು ಗುರುತಿನಿಂದ, ಅಂದರೆ ಫೈಲಿನ ಹೆಸರಿನ ಪಕ್ಕದಲ್ಲಿರುವ ಸಣ್ಣ ಚಿತ್ರದಿಂದ.

ಗೋಣಿಯ ಮೇಲೆ 'ಹಳೆ ಚಾಲಿ' ಎಂದು ಬರೆದ ಮಾತ್ರಕ್ಕೆ ನಮ್ಮಲ್ಲಿ ಯಾರೂ ದರ ಕೊಡುವುದಿಲ್ಲ. ಕೈಹಾಕಿ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ ನೋಡುತ್ತಾರೆ. ಅದೇ ಜನ ಕೆಂಪು ಬಣ್ಣದ ಪಿಡಿಎಫ್ ಚಿತ್ರ ಕಂಡೊಡನೆ ಒತ್ತಿಬಿಡುತ್ತಾರೆ! ಕಾಗದಪತ್ರದ ಫೈಲಿಗೆ ವಿಂಡೋಸ್ ತಾನೇ ಚಿತ್ರ ಹಾಕುತ್ತದೆ, ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ಆದರೆ 'ಇಎಕ್ಸ್‌ಇ' ಎಂದು ಕೊನೆಗೊಳ್ಳುವ, ಕೆಲಸ ನಡೆಸುವ ಫೈಲಿಗೆ ತಯಾರಿಸಿದವನು ತನಗೆ ಬೇಕಾದ ಚಿತ್ರ ಅಂಟಿಸಬಲ್ಲ. ಇದರ ಮೇಲೆ, ಪರಿಚಿತ ಕೊನೆಯಕ್ಷರಗಳನ್ನು ವಿಂಡೋಸ್ ಮೊದಲಿನಿಂದಲೇ ಮರೆಮಾಡಿಟ್ಟಿರುತ್ತದೆ. 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬುದು ಕಣ್ಣಿಗೆ 'ಬಿಲ್ ಡಾಟ್ ಪಿಡಿಎಫ್' ಎಂದಷ್ಟೇ ಕಾಣುವುದು. ಇಂತಹ ವ್ಯವಸ್ಥೆ ಯಾರ ಅನುಕೂಲಕ್ಕೋ ನಮಗಂತೂ ಅರ್ಥವಾಗಿಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಪಿಡುಗು ಇದೇ ದಾರಿ ಹಿಡಿದಿತ್ತು. ಪ್ರೇಮಪತ್ರದ ಹೆಸರಿನ ಆ ಲಗತ್ತು 'ಟಿಎಕ್ಸ್‌ಟಿ' ಎಂದು ಕಾಣುತ್ತಿತ್ತು. ಅದರ ಹಿಂದೆ 'ವಿಬಿಎಸ್' ಅಡಗಿತ್ತು. ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕಂಪ್ಯೂಟರುಗಳಿಗೆ ಅದು ಹಬ್ಬಿತು.

ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು 'ವ್ಯೂ', ಅದರೊಳಗೆ 'ಶೋ', ಬಳಿಕ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಒತ್ತಿದರೆ ಪೂರ್ತಿ ಹೆಸರು ಕಾಣಿಸುತ್ತದೆ. ವಿಂಡೋಸ್ 10ರಲ್ಲಿ 'ವ್ಯೂ' ಕೆಳಗೇ ಈ ಗುರುತು ಇದೆ. ಬೆಂಗಳೂರಿನಿಂದ ಮಕ್ಕಳು ಊರಿಗೆ ಬಂದಾಗ ಈ ಒಂದು ಕೆಲಸ ಮಾಡಿಸಿಕೊಳ್ಳಿ. ಒಂದು ನಿಮಿಷವೂ ಬೇಡ.

ಮೊಬೈಲಿನಲ್ಲಿ ಕಾಣಬೇಕಾದ ಅಕ್ಷರಗಳು 'ಎಪಿಕೆ'. ಈಚಿನ ವರ್ಷಗಳಲ್ಲಿ ಮದುವೆಯ ಆಮಂತ್ರಣ, ವಾಹನದ ದಂಡದ ಚಲನ್, ಬ್ಯಾಂಕಿನ ಸೂಚನೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುತ್ತಿರುವುದು ಇದೇ. ಅದು ಕಾಗದವಲ್ಲ, ಫೋನಿನಲ್ಲಿ ಕೂತು ಕೆಲಸ ಮಾಡುವ ಆ್ಯಪ್. ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿಯನ್ನೂ ಓದಬಲ್ಲುದು. ಪರಿಚಿತರ ನಂಬರಿನಿಂದ ಬಂದರೂ ಒತ್ತಬಾರದು, ಏಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಗೆ ಸೇರಿರಬಹುದು. ಒತ್ತಿ ಆಗಿದ್ದರೆ ಆ ಫೋನಿನ ಇಂಟರ್‌ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕೂಡಲೇ ತಿಳಿಸಿರಿ.

ನಮ್ಮ ಸಂಘದಿಂದ ಬರುವ ಲೆಕ್ಕಪತ್ರ, ಚೀಟಿ, ನೋಟೀಸುಗಳೆಲ್ಲ ಪಿಡಿಎಫ್ ರೂಪದಲ್ಲೇ ಇರುತ್ತವೆ. ಬೇರೆ ಅಕ್ಷರಗಳಿಂದ ಕೊನೆಗೊಳ್ಳುವ ಫೈಲು ಸಂಘದ ಹೆಸರಿನಲ್ಲಿ ಬಂದರೆ ತೆರೆಯದೆ ಕಚೇರಿಗೆ ಫೋನ್ ಮಾಡಿರಿ.