ಸೋಮಾರಿತನಕ್ಕೂ ಇಂಗ್ಲಿಷ್ ಹೆಸರಾ?

ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಹಾಕಿದ್ದ ದುಡ್ಡು ಅಕೌಂಟಿನಲ್ಲೇ ಇತ್ತು. ಕೊನೆಯ ದಿನಾಂಕ ನೋಟಿಸ್ ಬೋರ್ಡಿನಲ್ಲಿತ್ತು, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿತ್ತು, ಸಾಲದ್ದಕ್ಕೆ ಅಂಗೈ ಮೇಲೂ ಬರೆದುಕೊಂಡಿದ್ದೆ. ಆದರೂ ಕಟ್ಟಲಿಲ್ಲ. ದಂಡ ಸೇರಿಸಿ ಕಟ್ಟುವ ದಿನ ಅಪ್ಪ ಫೋನಿನಲ್ಲಿ ಬೈಯಲಿಲ್ಲ. ‘ಓದೋಕೆ ಇಷ್ಟ ಇಲ್ದಿದ್ರೆ ಹೇಳಿಬಿಡಮ್ಮ’ ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಇಷ್ಟವಿಲ್ಲ ಅಂತಲ್ಲ. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುತ್ತಿದ್ದೇನೆ, ಈಗ ಮೂರನೇ ವರ್ಷ. ಲ್ಯಾಬಿನಲ್ಲಿ ಸರ್ಕಿಟ್ ಕೈಗೆ ಸಿಕ್ಕರೆ ಊಟದ ಹೊತ್ತು ಕಳೆದದ್ದೂ ಗೊತ್ತಾಗುವುದಿಲ್ಲ. ಅದೇ ಗಣಿತದ ಪುಸ್ತಕ ತೆರೆದರೆ ಮುಕ್ಕಾಲು ಗಂಟೆಯಾದರೂ ಅದೇ ಪುಟ. ಲ್ಯಾಬ್ ರೆಕಾರ್ಡ್ ರಾತ್ರಿಯೆಲ್ಲ ಕೂತು ಬರೆದಿರುತ್ತೇನೆ, ಬೆಳಿಗ್ಗೆ ಹಾಸ್ಟೆಲ್ ಮಂಚದ ಮೇಲೇ ಮರೆತು ಬಂದಿರುತ್ತೇನೆ. ಹೀಗೆ ಮರೆಯುತ್ತ ಮರೆಯುತ್ತ ಎರಡು ಬ್ಯಾಕ್‌ಲಾಗ್ ಆದವು.

ರಾತ್ರಿ ರೀಲ್ಸ್ ನೋಡುವಾಗ ‘ಎಡಿಎಚ್‌ಡಿ’ ಎಂಬ ಪದ ಸಿಕ್ಕಿತು. ಹತ್ತು ಲಕ್ಷಣಗಳಲ್ಲಿ ಹತ್ತೂ ನನ್ನವೇ! ಮರುದಿನವೇ ಹಾಸ್ಟೆಲ್ ಹತ್ತಿರದ ಕ್ಲಿನಿಕ್ಕಿಗೆ ಹೋಗಿ, ‘ಸರ್, ನನಗೆ ಎಡಿಎಚ್‌ಡಿ ಇದೆ, ಮಾತ್ರೆ ಬರೆದುಕೊಡಿ’ ಎಂದೆ. ಅವರು ತಲೆ ಎತ್ತದೆ, ‘ಮೊಬೈಲ್ ಬಿಡಮ್ಮ, ಎಲ್ಲ ಸರಿಹೋಗುತ್ತೆ’ ಎಂದು ವಿಟಮಿನ್ ಮಾತ್ರೆ ಬರೆದರು. ಹೊರಗೆ ಬರುವಾಗ ಅವರು ಹೇಳಿದ್ದೇ ನಿಜವಿರಬಹುದು ಎಂದು ನನಗೂ ಅನಿಸಿತ್ತು.

ರಜೆಗೆ ಅರಸೀಕೆರೆಗೆ ಬಂದಾಗ ಮನೆಯಲ್ಲಿ ಹೇಳಿದೆ. ಅಪ್ಪ ಪೇಪರ್ ಮಡಚಿ, ‘ಸೋಮಾರಿತನಕ್ಕೂ ಇಂಗ್ಲಿಷ್ ಹೆಸರು ಇಟ್ಟಿದ್ದಾರಾ?’ ಎಂದರು. ಅಮ್ಮನ ಚಿಂತೆಯೇ ಬೇರೆ. ‘ಹೊರಗೆ ಯಾರ ಹತ್ರಾನೂ ಇದನ್ನ ಆಡಬೇಡ. ನಾಳೆ ಗಂಡು ನೋಡೋರು ಏನಂದ್ಕೋತಾರೆ?’ ಆದರೂ ಎರಡು ದಿನ ಬಿಟ್ಟು ಅವಳೇ, ‘ನಡಿ, ನಮ್ಮ ಡಾಕ್ಟ್ರ ಹತ್ರ ಹೋಗಿಬರೋಣ. ಅವರಾದ್ರೂ ಬುದ್ಧಿ ಹೇಳ್ಲಿ’ ಎಂದು ಹೊರಡಿಸಿದಳು.

ಅವರು ನಾನು ಹುಟ್ಟಿದಾಗಿನಿಂದ ನೋಡುತ್ತಿರುವ ವೈದ್ಯರು. ಈ ಸಲ ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಶುಲ್ಕದ ಕತೆ, ರೆಕಾರ್ಡಿನ ಕತೆ, ಒಂದೇ ಪುಟದ ಕತೆ ಹೇಳಿದೆ. ‘ಯಾವಾಗಿಂದ ಹೀಗೆ?’ ಎಂದರು. ‘ಬಿಇ ಸೇರಿದ ಮೇಲೆ’ ಎಂದೆ. ಅವರು ನಕ್ಕರು. ‘ಮೂರನೇ ಕ್ಲಾಸಲ್ಲಿ ಜ್ವರ ಅಂತ ಬಂದು, ಚಪ್ಪಲಿ ಇಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋಗಿದ್ದೆ. ಒಂದು ಸಲ ಅಲ್ಲ, ಎರಡು ಸಲ. ನಮ್ಮ ಕಾಂಪೌಂಡರ್ ತಂದುಕೊಟ್ಟಿದ್ದು ಮರೆತೆಯಾ?’

ಆಮೇಲೆ ಅಮ್ಮನಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಎಡಿಎಚ್‌ಡಿ ಇಪ್ಪತ್ತನೇ ವಯಸ್ಸಿಗೆ ದಿಢೀರನೆ ಬರುವುದಲ್ಲ. ಅದರ ಕೆಲವು ಲಕ್ಷಣಗಳಾದರೂ 12 ವರ್ಷದೊಳಗೇ ಕಂಡಿರಬೇಕು, ಅದೂ ಶಾಲೆಯಲ್ಲಿ ಮಾತ್ರವಲ್ಲ, ಮನೆಯಲ್ಲೂ. ಎಲ್ಲ ಮಕ್ಕಳೂ ಮಂಗನಂತೆ ಕುಣಿಯುವುದಿಲ್ಲ. ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಸುಮ್ಮನೆ ಕೂತಿರುತ್ತಾರೆ, ಮನಸ್ಸು ಮಾತ್ರ ಕಿಟಕಿಯಾಚೆ ಇರುತ್ತದೆ. ಗಲಾಟೆ ಇಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಂದು ಮರೆವೆಲ್ಲ ಎಡಿಎಚ್‌ಡಿಯೂ ಅಲ್ಲ. ನಿದ್ದೆಗೇಡು, ಥೈರಾಯ್ಡ್, ರಕ್ತಹೀನತೆ, ಆತಂಕ, ಖಿನ್ನತೆ ಇವುಗಳಿಂದಲೂ ಗಮನ ಕೆಡುತ್ತದೆ.

ರಕ್ತ ಪರೀಕ್ಷೆಗೆ ಬರೆದರು. ಎಷ್ಟು ಗಂಟೆಗೆ ಮಲಗ್ತೀಯ, ಅಳು ಬರುತ್ತಾ, ಬದುಕೋದೇ ಬೇಡ ಅನಿಸುತ್ತಾ ಎಂದೆಲ್ಲ ಕೇಳಿದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು. ಅದಕ್ಕೆ ಮಾತ್ರೆ ಕೊಟ್ಟು, ‘ಇದೊಂದೇ ಕಾರಣ ಅಲ್ಲ ಅನ್ಸುತ್ತೆ. ಉಳಿದದ್ದನ್ನು ಮನೋವೈದ್ಯರೇ ನಿರ್ಧರಿಸಬೇಕು, ಅದರ ಮಾತ್ರೆ ನಾನು ಶುರು ಮಾಡೋದಲ್ಲ. ಆದ್ರೆ ಖಾಲಿ ಕೈಯಲ್ಲಿ ಹೋಗಬೇಡಿ’ ಎಂದು ಒಂದು ಪತ್ರ ಬರೆದುಕೊಟ್ಟರು. ಶಾಲೆಯ ಹಳೇ ಪ್ರೋಗ್ರೆಸ್ ಕಾರ್ಡ್ ಹುಡುಕಲು ಹೇಳಿದರು.

ಆ ರಾತ್ರಿ ಅಮ್ಮ ಟ್ರಂಕ್ ತೆಗೆದಳು. ಎರಡನೇ ತರಗತಿ: ‘ಬುದ್ಧಿವಂತೆ, ಪಾಠದ ಕಡೆ ಗಮನವಿಲ್ಲ.’ ನಾಲ್ಕನೇ ತರಗತಿ: ‘ಹೋಂವರ್ಕ್ ಅರ್ಧಕ್ಕೇ ಬಿಡುತ್ತಾಳೆ.’ ಆರನೇ ತರಗತಿ: ‘ಪದೇ ಪದೇ ವಸ್ತುಗಳನ್ನು ಕಳೆದುಕೊಳ್ಳುತ್ತಾಳೆ.’ ಒಬ್ಬರಿಗೊಬ್ಬರು ಮಾತಾಡಿಕೊಂಡು ಬರೆದಂತೆ ಇತ್ತು. ಪ್ರತಿ ಕಾರ್ಡಿನ ಕೆಳಗೂ ಅಪ್ಪನ ಸಹಿ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು, ಏನೂ ಹೇಳಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯದೆ ನಮ್ಮ ಜೊತೆ ಹಾಸನದ ಬಸ್ ಹತ್ತಿದರು.

ಜಿಲ್ಲಾಸ್ಪತ್ರೆಯ ಮನೋವೈದ್ಯರು ಪತ್ರ, ಕಾರ್ಡು ಎರಡನ್ನೂ ನೋಡಿ ನನ್ನನ್ನೂ ಅಪ್ಪ ಅಮ್ಮನನ್ನೂ ಬೇರೆ ಬೇರೆಯಾಗಿ ಮಾತಾಡಿಸಿದರು. ಇದು ವಂಶದಲ್ಲಿ ಹರಿದು ಬರುವುದು ಹೆಚ್ಚಂತೆ. ‘ಮನೇಲಿ ಬೇರೆ ಯಾರಾದ್ರೂ ಹೀಗೆ ಇದ್ದಾರಾ?’ ಎಂದು ಕೇಳಿದಾಗ ಅಮ್ಮ ಅಪ್ಪನ ಮುಖ ನೋಡಿದಳು. ದಿನಾ ಬೆಳಿಗ್ಗೆ ಅಂಗಡಿ ಬೀಗದಕೈ ಹುಡುಕುವ ಅಪ್ಪ ಫ್ಯಾನ್ ನೋಡಿದರು!

ಎರಡನೇ ಭೇಟಿಯಲ್ಲಿ ಎಡಿಎಚ್‌ಡಿ ಎಂದು ಖಚಿತವಾಯಿತು. ಬಿಪಿ, ನಾಡಿ ನೋಡಿ ಕಡಿಮೆ ಪ್ರಮಾಣದಲ್ಲಿ ಮೀಥೈಲ್‌ಫೆನಿಡೇಟ್ ಶುರು ಮಾಡಿದರು. ಹಸಿವು, ನಿದ್ದೆ ಕಡಿಮೆಯಾಗಬಹುದು ಎಂದು ಮೊದಲೇ ಹೇಳಿದ್ದರು, ನನಗೆ ಹಸಿವು ಕಡಿಮೆಯಾಯಿತು. ಊರಿಗೆ ಬಂದಾಗಲೆಲ್ಲ ತೂಕ, ಬಿಪಿ ನೋಡಿ ಬರೆದಿಡುವುದು ನಮ್ಮ ಹಳೇ ಡಾಕ್ಟರೇ. ನಮ್ಮ ವಿಷಯದ ಭಾಷೆಯಲ್ಲಿ ಹೇಳುವುದಾದರೆ ಸಿಗ್ನಲ್ ಮೊದಲಿನದೇ, ನಾಯ್ಸ್ ಕಡಿಮೆಯಾಗಿದೆ. ಓದುವುದು ಮಾತ್ರ ನಾನೇ. ಒಂದು ಬ್ಯಾಕ್‌ಲಾಗ್ ಪಾಸಾಯಿತು, ಇನ್ನೊಂದು ಹಾಗೇ ಇದೆ.

ಪರೀಕ್ಷೆ ಬಂದಾಗ ಗೆಳತಿಯರು ‘ನನಗೂ ಒಂದು ಮಾತ್ರೆ ಕೊಡೇ’ ಎನ್ನುತ್ತಾರೆ. ಕೊಡುವುದಿಲ್ಲ. ಅದು ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧ. ಇನ್ನೊಬ್ಬರ ಎದೆಬಡಿತದ ಹೊಣೆ ನಾನು ಹೊರಲಾರೆ.

ನಿಮಗೂ ಹೀಗೆ ಅನಿಸುತ್ತಿದ್ದರೆ ಮೊದಲು ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ವೈದ್ಯರ ಹತ್ತಿರ ಹೋಗಿ. ರೀಲ್ಸ್‌ನಲ್ಲಿ ಕಂಡ ಹೆಸರು ಹೇಳಬೇಡಿ, ನಿಮಗೆ ಆದದ್ದನ್ನು ಹೇಳಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ. ಹಾಗೆ ಯಾರೂ ಇಲ್ಲವೆಂದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ‘ನಾಲ್ಕು ಜನಕ್ಕೆ ಗೊತ್ತಾದರೆ?’ ಎಂಬ ಅಮ್ಮಂದಿರಿಗೆ ಒಂದು ಮಾತು: ಚಿಕಿತ್ಸೆಯ ವಿಷಯ ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಈ ಸೆಮಿಸ್ಟರಿನ ಶುಲ್ಕವನ್ನು ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆಯೇ ಕಟ್ಟಿದೆ. ರಸೀದಿ ಕಳಿಸಿದ್ದಕ್ಕೆ ಅಪ್ಪ ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ಅದೇ ಜಂಬದಲ್ಲಿ ಹೋದ ವಾರ ಡಾಕ್ಟರಿಗೂ ಹೇಳಿ ಕ್ಲಿನಿಕ್ಕಿನ ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಕಾಂಪೌಂಡರ್ ಕೂಗಿದರು: ‘ಅಮ್ಮಾ, ಛತ್ರಿ!’