ಯಂತ್ರಕ್ಕುಂಟು ಸವಕಳಿ, ಮನುಷ್ಯನಿಗೆ?

ಫೆಬ್ರುವರಿ ತಿಂಗಳು ಬಂತೆಂದರೆ ನನ್ನ ಮೇಜಿನ ಮುಂದೆ ಒಂದು ಸಾಲು ನಿಲ್ಲುತ್ತಿತ್ತು. ವಿಮೆ ಕಂತಿನ ರಸೀದಿ, ಅಂಚೆ ಕಚೇರಿಯ ಉಳಿತಾಯ ಪತ್ರದ ನಕಲು, ಮಕ್ಕಳ ಶಾಲಾ ಶುಲ್ಕದ ಚೀಟಿ, ಗೃಹಸಾಲದ ಪ್ರಮಾಣಪತ್ರ ಇವನ್ನೆಲ್ಲ ಹಿಡಿದುಕೊಂಡು ಕಾರ್ಖಾನೆಯ ನೌಕರರು ಬರುತ್ತಿದ್ದರು. 'ಇಷ್ಟು ಸಾಕಾ ಸಾರ್, ಇನ್ನೂ ಏನಾದರೂ ಮಾಡಿಸಬೇಕಾ?' ಎಂಬುದು ಬಹುತೇಕ ಎಲ್ಲರ ಪ್ರಶ್ನೆ. ಅವರ ಹಿಂದೆಯೇ ವಿಮಾ ಏಜೆಂಟರೂ ಬರುತ್ತಿದ್ದರು. ಕೆಲವು ವರ್ಷಗಳಿಂದ ಆ ಸಾಲು ಕರಗುತ್ತಾ ಬಂದಿದೆ. ಈ ಸಲ ರಸೀದಿ ಹಿಡಿದು ಬಂದವರು ಇಬ್ಬರೇ.

ನನ್ನ ಕೈಕೆಳಗೆ ಕೆಲಸ ಮಾಡುವ ಇಪ್ಪತ್ತಾರರ ಹರೆಯದ ಸಹಾಯಕ ಒಂದು ಸಂಜೆ ಕೇಳಿದ: 'ಸರ್, ಹೊಸ ಪದ್ಧತೀಲಿ ಯಾವ ಪ್ರೂಫೂ ಕೊಡಬೇಕಾಗಿಲ್ಲ. ತೆರಿಗೇನೇ ಇಲ್ಲ ಅಂದಮೇಲೆ ಉಳಿತಾಯ ಯಾಕೆ ಮಾಡಬೇಕು?' ಪ್ರಶ್ನೆಯಲ್ಲಿ ಉಡಾಫೆ ಇರಲಿಲ್ಲ. ಬಿ.ಕಾಂ. ಓದಿದ ಹುಡುಗ, ಕೆಲಸದಲ್ಲಿ ಚುರುಕು. ಆದರೆ ಅವನ ಮಟ್ಟಿಗೆ ಉಳಿತಾಯವೆಂದರೆ ತೆರಿಗೆ ತಪ್ಪಿಸಿಕೊಳ್ಳುವ ಒಂದು ವಿಧಾನ. ಅದಕ್ಕೆ ಬೇರೆ ಅರ್ಥವೂ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನನಗೇ ಆ ಅರ್ಥ ತಿಳಿದದ್ದು ತಡವಾಗಿ.

ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ನಾನು 1991ರಲ್ಲಿ ಗುಮಾಸ್ತನಾಗಿ ಸೇರಿದೆ. ಆಗ ಕಿರ್ದಿ, ಖತಾವಣಿ ಎಲ್ಲವೂ ಕೈಬರಹದಲ್ಲಿ. ತಿಂಗಳ ಕೊನೆಗೆ ತಾಳೆಪಟ್ಟಿಯಲ್ಲಿ ಹನ್ನೆರಡು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತಾದರೂ ಕುಳಿತು ಹುಡುಕುತ್ತಿದ್ದೆವು. ಆಮೇಲೆ ಟ್ಯಾಲಿ ಬಂತು, 2017ರಲ್ಲಿ ಜಿಎಸ್‌ಟಿ ಬಂತು. ಬೆರಳಿಗೆ ಅಂಟುತ್ತಿದ್ದ ಮಸಿ ಹೋಯಿತು. ಆದರೆ ಕಂಪನಿಯ ಒಂದು ರೂಪಾಯಿಯೂ ಲೆಕ್ಕವಿಲ್ಲದೆ ಹೋಗಬಾರದೆಂಬ ಶಿಸ್ತು ಮಾತ್ರ ಹಾಗೆಯೇ ಉಳಿಯಿತು. ಆ ಶಿಸ್ತು ಕಚೇರಿಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು, ನನ್ನೊಂದಿಗೆ ಮನೆಗೆ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದೊಂದಿದೆ. ಕಂಪನಿ ಹತ್ತು ಲಕ್ಷ ರೂಪಾಯಿಯ ಲೇತ್ ಯಂತ್ರ ಕೊಂಡಿತೆನ್ನಿ. ಆದಾಯ ತೆರಿಗೆ ನಿಯಮದಂತೆ ಸಾಮಾನ್ಯ ಯಂತ್ರೋಪಕರಣಕ್ಕೆ ಸವಕಳಿಯ ದರ ವರ್ಷಕ್ಕೆ ಶೇ 15. ಮೊದಲ ವರ್ಷ 1.5 ಲಕ್ಷ ರೂಪಾಯಿ, ಮರುವರ್ಷ ಉಳಿದ 8.5 ಲಕ್ಷದ ಮೇಲೆ 1,27,500 ರೂಪಾಯಿ, ಹೀಗೆ ಅದನ್ನು ಖರ್ಚೆಂದು ಬರೆಯುತ್ತಾ ಹೋಗುತ್ತೇವೆ. ಯಂತ್ರ ಸವೆಯುತ್ತದೆ, ಒಂದು ದಿನ ನಿಲ್ಲುತ್ತದೆ ಎಂಬುದನ್ನು ಅದು ಹೊಸದಾಗಿರುವಾಗಲೇ ಒಪ್ಪಿಕೊಳ್ಳುವ ಕ್ರಮ ಇದು. ಸವಕಳಿ ಎಂದರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಣವಲ್ಲ. ಸವೆತದ ಬೆಲೆಯನ್ನೂ ಲಾಭವೆಂದು ಭ್ರಮಿಸಿ ಹಂಚಿಕೊಂಡುಬಿಡದಂತೆ ತಡೆಯುವ ಬೇಲಿ ಅದು. ಸವಕಳಿ ಕಳೆಯದೆ ತೋರಿಸಿದ ಲಾಭವನ್ನು ಯಾವ ಲೆಕ್ಕ ಪರಿಶೋಧಕರೂ ಒಪ್ಪುವುದಿಲ್ಲ.

ಆ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯನೂ ಸವೆಯುತ್ತಾನೆ. ಅವನ ಕಣ್ಣು, ಮಂಡಿ, ಬೆನ್ನು ಎಲ್ಲವೂ ಸವೆಯುತ್ತವೆ. ಆದರೆ ಅವನು ಬಂದ ಸಂಬಳವನ್ನೆಲ್ಲ ಲಾಭವೆಂದೇ ತಿಳಿಯುತ್ತಾನೆ. ತಿಳಿಯದೆ ಬೇರೆ ದಾರಿಯೂ ಅವನಿಗೆ ಅನೇಕ ಬಾರಿ ಇರುವುದಿಲ್ಲ.

ನಮ್ಮ ಲೇತ್ ವಿಭಾಗದಲ್ಲಿ ಹಿರಿಯ ಕಾರ್ಮಿಕರೊಬ್ಬರಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಮೂರು ಸಲ ಅವರು ಭವಿಷ್ಯನಿಧಿಯಿಂದ ಹಣ ತೆಗೆದರು. ಒಮ್ಮೆ ತಾಯಿಯ ಚಿಕಿತ್ಸೆಗೆ, ಎರಡು ಬಾರಿ ಹೆಣ್ಣುಮಕ್ಕಳ ಮದುವೆಗೆ. ಏಳು ವರ್ಷ ಸದಸ್ಯರಾಗಿದ್ದವರು ಮದುವೆಗಾಗಿ ತಮ್ಮ ಪಾಲಿನ ಅರ್ಧದಷ್ಟನ್ನು ಪಡೆಯಲು ಆಗಿನ ನಿಯಮ ಅವಕಾಶ ಕೊಡುತ್ತಿತ್ತು. ಮೂರು ಸಲವೂ ಅರ್ಜಿ ತುಂಬಿದವನು ನಾನೇ. ಎರಡನೆಯ ಸಲ 'ಸ್ವಲ್ಪ ಯೋಚಿಸಿ' ಎಂದೆ. ಅವರು ನಕ್ಕು, 'ಬರೀರಿ ಸಾರ್, ಮಗಳಿಗಿಂತ ಪಿ.ಎಫ್. ದೊಡ್ಡದಾ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಅರ್ಜಿ ತುಂಬಿದೆ.

2019ರಲ್ಲಿ ಅವರು ನಿವೃತ್ತರಾದಾಗ ಕೊನೆಯ ಲೆಕ್ಕ ಮಾಡಿದವನೂ ನಾನೇ. ಮೂವತ್ತು ವರ್ಷದ ಸೇವೆ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ. 1972ರ ಉಪದಾನ ಕಾಯಿದೆಯ ಸೂತ್ರದಂತೆ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ, ಅವರಿಗೆ ಬಂದ ಗ್ರಾಚ್ಯುಟಿ 3.11 ಲಕ್ಷ ರೂಪಾಯಿ. 1995ರ ನೌಕರರ ಪಿಂಚಣಿ ಯೋಜನೆಯಡಿ ತಿಂಗಳ ಪಿಂಚಣಿ ಮೂರು ಸಾವಿರದ ಚಿಲ್ಲರೆ. ಭವಿಷ್ಯನಿಧಿಯಲ್ಲಿ ಉಳಿದಿದ್ದದ್ದು ಅವರು ನಿರೀಕ್ಷಿಸಿದ್ದರ ಅರ್ಧಕ್ಕೂ ಕಡಿಮೆ. ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, 'ಇಷ್ಟೇನಾ ಸಾರ್?' ಎಂದು ಕೇಳಿದರು.

ಅಂದು ಮನೆಗೆ ಹೋಗಿ ಕಾಗದ ಪೆನ್ನು ಹಿಡಿದು ಕುಳಿತೆ. 1999ರಲ್ಲಿ ಅವರು ತೆಗೆದದ್ದು ನಲವತ್ತು ಸಾವಿರ ರೂಪಾಯಿ. ಭವಿಷ್ಯನಿಧಿಯ ಬಡ್ಡಿ ಆ ಹೊತ್ತಿಗೆ ಶೇ 12 ಇತ್ತು, ನಂತರ ಇಳಿಯಿತು. ಸರಾಸರಿ ಶೇ 8.5 ಎಂದು ಕಡಿಮೆಯಾಗಿಯೇ ಹಿಡಿದರೂ ಇಪ್ಪತ್ತು ವರ್ಷದಲ್ಲಿ ಹಣ ಐದು ಪಟ್ಟಾಗುತ್ತದೆ. ನಲವತ್ತು ಸಾವಿರ ಎರಡು ಲಕ್ಷ ದಾಟುತ್ತದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷದಲ್ಲಿ ದುಪ್ಪಟ್ಟಾಗುತ್ತದೆಂದು ಸುಮಾರಾಗಿ ತಿಳಿಯುತ್ತದೆ: ಶೇ 8ಕ್ಕೆ ಒಂಬತ್ತು ವರ್ಷ. ಇದೇ ಲೆಕ್ಕ ಬೆಲೆಯೇರಿಕೆಗೂ ಅನ್ವಯಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ನೂರು ರೂಪಾಯಿಯ ಸಾಮಾನಿಗೆ ಇನ್ನೂರು ಕೊಡಬೇಕು. ಮೇಸ್ತ್ರಿಗೆ ಇದನ್ನು ವಿವರಿಸಬೇಕಾಗಿದ್ದ ದಿನ ನಾನು ಬರೀ 'ಯೋಚಿಸಿ' ಎಂದಿದ್ದೆ.

ಹಾಗೆಂದು ಅವರ ನಿರ್ಧಾರವನ್ನು ಅವಿವೇಕ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಹೊಸೂರು ರಸ್ತೆಯಲ್ಲಿ ಆರಂಭವಾದ ಪ್ರತಿಭಟನೆ ಮರುದಿನ ನಮ್ಮ ಪೀಣ್ಯದ ಕಡೆಗೂ ಹಬ್ಬಿತು. ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. 'ನಿಮ್ಮ ಮುಪ್ಪಿಗಾಗಿಯೇ ಈ ನಿಯಮ' ಎಂಬ ಸರ್ಕಾರದ ವಾದ ಪುಸ್ತಕದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಆದರೆ ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ 58 ಎಂಬುದು ಬಹಳ ದೂರದ ಊರು. ಅಲ್ಲಿಗೆ ಮುಟ್ಟುವ ಮುನ್ನ ಕೆಲಸ ಬಿಡಬೇಕಾಗುತ್ತದೆ, ಮಗುವಿನ ಶಾಲಾ ಶುಲ್ಕ ಕಟ್ಟಬೇಕಾಗುತ್ತದೆ, ಕೈಸಾಲ ತೀರಿಸಬೇಕಾಗುತ್ತದೆ. ಅವಳಿಗಿರುವ ಒಂದೇ ಉಳಿತಾಯ ಅದು. ಮುಪ್ಪಿಗೂ ಅದೇ, ನಾಳೆಯ ಜ್ವರಕ್ಕೂ ಅದೇ. ಒಂದೇ ಕೊಡದಲ್ಲಿ ಕುಡಿಯುವ ನೀರನ್ನೂ ಬೆಂಕಿ ಆರಿಸುವ ನೀರನ್ನೂ ಇಟ್ಟುಕೊಳ್ಳಬೇಕಾದ ಸ್ಥಿತಿ.

ನನಗೆ ಆ ಅನಿವಾರ್ಯ ಇರಲಿಲ್ಲ. ನನ್ನ ತಪ್ಪುಗಳು ತಿಳಿದವನು ಮಾಡಿದ ತಪ್ಪುಗಳು. ಪ್ರತಿ ವರ್ಷ ಮಾರ್ಚ್ ಕೊನೆಯ ವಾರ ತೆರಿಗೆ ಉಳಿಸುವ ಅವಸರದಲ್ಲಿ ಪರಿಚಿತ ಏಜೆಂಟರೊಬ್ಬರು ತೋರಿಸಿದಲ್ಲಿ ಸಹಿ ಹಾಕುತ್ತಿದ್ದೆ. 2012ರಲ್ಲಿ ಡೆಂಗಿ ಜ್ವರದಿಂದ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಮೂರನೆಯ ದಿನ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದಳು: 'ನಿಮ್ಮ ಪಾಲಿಸಿ ಕಾಗದಗಳೆಲ್ಲ ಎಲ್ಲಿವೆ ರೀ?' ಕಂಪನಿಯ ಹಳೆಯ ವೋಚರೊಂದನ್ನು ಐದು ನಿಮಿಷದಲ್ಲಿ ಹುಡುಕಿ ಕೊಡಬಲ್ಲ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಹುಡುಕಿದೆ. ಏಳು ಪಾಲಿಸಿಗಳು ಸಿಕ್ಕವು. ಏಳೂ ಸೇರಿ ನಾನು ಸತ್ತರೆ ಮನೆಗೆ ಬರುತ್ತಿದ್ದದ್ದು ಒಂದೂವರೆ ವರ್ಷದ ಸಂಬಳದಷ್ಟು. ಬದುಕಿದ್ದರೆ ಬರುವ ಗಳಿಕೆ ವರ್ಷಕ್ಕೆ ಶೇ 5ರ ಆಸುಪಾಸು. ವಿಮೆಯಾಗಿ ಸಾಲದು, ಹೂಡಿಕೆಯಾಗಿಯೂ ಸಾಲದು. ಇನ್ನೊಂದು ಸಂಗತಿ ಮತ್ತೂ ನಾಚಿಕೆಗೇಡಿನದು. ಭವಿಷ್ಯನಿಧಿಯಲ್ಲಿ ನಾಮನಿರ್ದೇಶನ ಇದ್ದದ್ದು ತೀರಿಕೊಂಡಿದ್ದ ನನ್ನ ತಾಯಿಯ ಹೆಸರಿನಲ್ಲಿ. ಮದುವೆಗೆ ಮುನ್ನ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಮಾಡಬೇಕು ಎಂದು ಭವಿಷ್ಯನಿಧಿ ನಿಯಮವೇ ಹೇಳುತ್ತದೆ. ಆ ನಿಯಮವನ್ನು ನೂರಾರು ಕಾರ್ಮಿಕರಿಗೆ ಓದಿ ಹೇಳಿದವನು ನಾನು. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಗಳನ್ನು 2014ರಿಂದ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ವರ್ಗಾಯಿಸಲಾಗುತ್ತಿದೆ. ಅಲ್ಲಿಗೆ ಹೋಗುವ ಹಣದಲ್ಲಿ ನನ್ನಂಥ 'ಲೆಕ್ಕ ಬಲ್ಲ'ವರದ್ದೂ ಇರುವುದರಲ್ಲಿ ಸಂಶಯವಿಲ್ಲ.

ಇಷ್ಟಾದರೂ ನಮ್ಮ ತಲೆಮಾರು ಅಷ್ಟಿಷ್ಟು ಉಳಿಸಿತಲ್ಲ, ಹೇಗೆ? ನಮ್ಮ ವಿವೇಕದಿಂದಲ್ಲ, ಬಲವಂತದಿಂದ. ಭವಿಷ್ಯನಿಧಿಯ ಶೇ 12ರಷ್ಟು ಹಣ ಸಂಬಳ ಕೈಸೇರುವ ಮುನ್ನವೇ ಕಡಿತವಾಗುತ್ತಿತ್ತು. ಕಚೇರಿಯ ಚೀಟಿಯಲ್ಲಿ ಇಪ್ಪತ್ತು ಜನ ಸೇರಿ ತಿಂಗಳಿಗೆ ಸಾವಿರ ಕಟ್ಟುತ್ತಿದ್ದೆವು. ಕಟ್ಟದಿದ್ದರೆ ಹತ್ತೊಂಬತ್ತು ಜನರ ಮುಂದೆ ಮುಖ ತೋರಿಸುವುದು ಕಷ್ಟವಾಗುತ್ತಿತ್ತು. ಮೂರನೆಯದು ತೆರಿಗೆಯ ಭಯ. ಹಳೆಯ 88ನೇ ಕಲಮಿನ ಜಾಗಕ್ಕೆ 2005ರ ಹಣಕಾಸು ಕಾಯಿದೆಯ ಮೂಲಕ ಬಂದ 80ಸಿ ಕಲಂ ಒಂದು ಲಕ್ಷ ರೂಪಾಯಿವರೆಗಿನ ಉಳಿತಾಯಕ್ಕೆ ವಿನಾಯಿತಿ ಕೊಟ್ಟಿತು. 2014ರಲ್ಲಿ ಅದು ಒಂದೂವರೆ ಲಕ್ಷವಾಯಿತು. ಉಳಿಸುವ ಮನಸ್ಸಿಲ್ಲದವರನ್ನೂ ಅಂಚೆ ಕಚೇರಿಯ ಬಾಗಿಲಿಗೆ ಕರೆದೊಯ್ದದ್ದು ಈ ಕಲಂ.

2020ರ ಬಜೆಟ್ ಈ ವಿನಾಯಿತಿಗಳಿಲ್ಲದ, ದರ ಕಡಿಮೆ ಇರುವ ಹೊಸ ಪದ್ಧತಿಯನ್ನು ತಂದಿತು. 2023-24ರಿಂದ ಬೇರೆಯದನ್ನು ಆಯ್ದುಕೊಳ್ಳದವರಿಗೆಲ್ಲ ಅದೇ ಅನ್ವಯ. 2025ರ ಬಜೆಟ್ ಹೊಸ ಪದ್ಧತಿಯಲ್ಲಿ ಸಾಮಾನ್ಯ ಆದಾಯ 12 ಲಕ್ಷ ರೂಪಾಯಿವರೆಗೆ ಇರುವವರು ತೆರಿಗೆ ಕಟ್ಟಬೇಕಿಲ್ಲ ಎಂದಿತು. ಸಂಬಳದಾರರಿಗೆ 75,000 ರೂಪಾಯಿಯ ನಿಗದಿತ ಕಡಿತವೂ ಸೇರಿ ಅದು 12.75 ಲಕ್ಷವಾಗುತ್ತದೆ. ಮಧ್ಯಮ ವರ್ಗಕ್ಕೆ ಇದು ದೊಡ್ಡ ನೆಮ್ಮದಿ, ನಿಜ. ನನ್ನ ಏಳು ಪಾಲಿಸಿಗಳಂಥ ಅವಸರದ ಖರೀದಿಗೂ ಇದರಿಂದ ಕಡಿವಾಣ ಬಿದ್ದೀತು. ಆದರೆ ನಮ್ಮನ್ನು ಹಿಡಿದಿದ್ದ ಮೂರು ಹಗ್ಗಗಳಲ್ಲಿ ಒಂದು ಸದ್ದಿಲ್ಲದೆ ಕಳಚಿತು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಎರಡು ಸಲ ಬೆರಳಾಡಿಸಿದರೆ ಸಾಲ ಸಿಗುವ ಕಾಲವೂ ಬಂದಿದೆ. ನನ್ನ ಸಹಾಯಕನ ಫೋನು ಕಂತಿನದು, ಬೈಕು ಕಂತಿನದು. ಉಳಿತಾಯಕ್ಕೆ ಅವನನ್ನು ಯಾರೂ ಒತ್ತಾಯಿಸುತ್ತಿಲ್ಲ, ಖರ್ಚಿಗೆ ಮಾತ್ರ ದಿನವೂ ಹತ್ತು ಸಂದೇಶಗಳು ಬರುತ್ತವೆ.

ಅವನಿಗೆ ನಾನು ಕೊಟ್ಟ ಉತ್ತರ ಇಷ್ಟೇ: 'ತೆರಿಗೆಗಾಗಿ ಉಳಿಸಬೇಡ, ನಿನ್ನ ಸವಕಳಿಗಾಗಿ ಉಳಿಸು. ಸಂಬಳ ಬಂದ ದಿನವೇ ಆ ಭಾಗವನ್ನು ಬೇರೆ ಖಾತೆಗೆ ಹಾಕು. ಮಿಕ್ಕದ್ದೇ ನಿನ್ನ ನಿಜವಾದ ಸಂಬಳ.' ಮೊದಲು ಆರು ತಿಂಗಳ ಮನೆಖರ್ಚಿನಷ್ಟನ್ನು ಬ್ಯಾಂಕಿನಲ್ಲಿಡಬೇಕು. ಆಗ ಜ್ವರ ಬಂದರೆ ಮುಪ್ಪಿನ ಹಣಕ್ಕೆ ಕೈಹಾಕಬೇಕಾಗುವುದಿಲ್ಲ. ವಿಮೆ ಸಾವಿನ ನಂತರ ಮನೆಯವರಿಗೆ, ಹೂಡಿಕೆ ಬದುಕಿರುವ ನಮಗೆ, ಎರಡನ್ನೂ ಕಲಸಬಾರದು. ಕೆಲಸ ಬದಲಿಸಿದಾಗ ಭವಿಷ್ಯನಿಧಿಯನ್ನು ತೆಗೆಯದೆ ವರ್ಗಾಯಿಸಬೇಕು. ಯಾವ ಕಾಗದ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬುದು ಮನೆಯ ಇನ್ನೊಬ್ಬರಿಗಾದರೂ ತಿಳಿದಿರಬೇಕು. ಇದರಲ್ಲಿ ಹೊಸದೇನೂ ಇಲ್ಲ. ನಾನು ನಲವತ್ತು ದಾಟಿದ ಮೇಲೆ ಮಾಡಿದ್ದನ್ನು ಅವನು ಇಪ್ಪತ್ತಾರಕ್ಕೆ ಮಾಡಲಿ ಎಂಬುದಷ್ಟೇ ಆಸೆ.

ಆದರೆ ಈ ಉಪದೇಶ ತಿಂಗಳ ಕೊನೆಗೆ ಏನಾದರೂ ಮಿಗುವವರಿಗೆ ಮಾತ್ರ ಸಲ್ಲುತ್ತದೆ. ಮೇಸ್ತ್ರಿಯಂಥವರಿಗೆ, ಉಡುಪು ಕಾರ್ಖಾನೆಯ ಹೆಣ್ಣುಮಗಳಿಗೆ ಅದನ್ನು ಹೇಳಹೊರಡುವುದು ಅಧಿಕಪ್ರಸಂಗ. ಭವಿಷ್ಯನಿಧಿಗೆ ಸೇರಿದ ಈ ಪಿಂಚಣಿಯ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದ್ದು 2014ರಲ್ಲಿ. ಯಂತ್ರದ ಸವಕಳಿಯನ್ನು ಖರ್ಚೆಂದು ಒಪ್ಪಿ ಅದಕ್ಕೆ ತೆರಿಗೆ ವಿನಾಯಿತಿ ಕೊಡುವ ವ್ಯವಸ್ಥೆ, ಅದನ್ನು ನಡೆಸಿದ ಮನುಷ್ಯನ ಸವಕಳಿಗೆ ಕಟ್ಟಿರುವ ಬೆಲೆಯನ್ನು ಒಮ್ಮೆ ಮರುಪರಿಶೀಲಿಸಬೇಡವೇ?

ಮೇಸ್ತ್ರಿ ಈಗ ದಾಸರಹಳ್ಳಿಯ ಬಳಿಯ ವಸತಿ ಸಮುಚ್ಚಯವೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಆಯುಧಪೂಜೆಯ ದಿನ ತಪ್ಪದೆ ಕಾರ್ಖಾನೆಗೆ ಬರುತ್ತಾರೆ. ತಾವು ನಡೆಸುತ್ತಿದ್ದ ಲೇತ್ ಯಂತ್ರಕ್ಕೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಡಲೆಪುರಿ ಕಟ್ಟಿಸಿಕೊಂಡು ಹೋಗುತ್ತಾರೆ. ಆ ಯಂತ್ರ ಈಗ ಹೆಚ್ಚು ಓಡುವುದಿಲ್ಲ, ಅದರ ಪಕ್ಕದಲ್ಲಿ ಹೊಸದು ಬಂದು ನಿಂತಿದೆ. ಹಳೆಯದರ ಲೆಕ್ಕವನ್ನು ಮಾತ್ರ ಪ್ರತಿ ಮಾರ್ಚ್ 31ರಂದು ನಾನು ತಪ್ಪದೆ ಬರೆಯುತ್ತೇನೆ. ಪುಸ್ತಕದಲ್ಲಿ ಅದಕ್ಕೆ ಇನ್ನೂ ಕೆಲವು ಸಾವಿರ ರೂಪಾಯಿ ಬೆಲೆಯಿದೆ.